ಟ್ಯಾಂಕ್ ದೊಡ್ಡದಾಯಿತು, ಷವರ್ ಹಾಗೇ ಉಳಿಯಿತು

ನಮ್ಮ ಮನೆಯ ಮಹಡಿ ಬಚ್ಚಲಿನ ಷವರಿಗೆ ಹಳೇ ರೋಗ. ತಿರುಗಿಸಿದರೆ ನೀರು ಚಿಮ್ಮುವುದಿಲ್ಲ, ಸೋರುತ್ತದೆ. ತಲೆಗೆ ಶಾಂಪೂ ಹಾಕಿಕೊಂಡು ಅದರ ಕೆಳಗೆ ನಿಂತರೆ, ನೊರೆ ಇಳಿದು ಹೋಗುವಷ್ಟರಲ್ಲಿ ಸಾಕು ಸಾಕಾಗುತ್ತದೆ. ಅದೇ ಹೊತ್ತಿಗೆ ನೆಲಮಹಡಿಯ ನಲ್ಲಿ ತಿರುಗಿಸಿ ನೋಡಿ, ನೀರು ಬಕೆಟ್ಟಿನ ತಳಕ್ಕೆ ಬಡಿದು ಮುಖಕ್ಕೇ ಎರಚುತ್ತದೆ. ಎರಡಕ್ಕೂ ಒಂದೇ ಟ್ಯಾಂಕು.

ಪ್ಲಂಬರ್ ಒಬ್ಬರನ್ನು ಕರೆಸಿದೆವು. ಅವರು ತಾರಸಿಗೆ ಹೋಗಿ, ಟ್ಯಾಂಕನ್ನು ಎರಡು ಸಲ ತಟ್ಟಿ, ಕೆಳಗಿಳಿದು ಬಂದರು. ‘500 ಲೀಟರ್ ಟ್ಯಾಂಕು ಸಾರ್ ಇದು, ಫೋರ್ಸ್ ಎಲ್ಲಿಂದ ಬರಬೇಕು? 1000 ಲೀಟರಿನದ್ದು ಹಾಕಿಸಿ’ ಅಂದರು. ಕೇಳಿದರೆ ಸರಿ ಅನ್ನಿಸುತ್ತದೆ. ಜಾಸ್ತಿ ನೀರು ಅಂದರೆ ಜಾಸ್ತಿ ಭಾರ, ಜಾಸ್ತಿ ಭಾರ ಅಂದರೆ ಜಾಸ್ತಿ ಫೋರ್ಸ್. ನಾನೂ ತಲೆಯಾಡಿಸಿದೆ. ಶಾಲೆಯಲ್ಲಿ ಬಲ ಮತ್ತು ಒತ್ತಡದ ಪಾಠ ಓದಿ, ಪರೀಕ್ಷೆ ಬರೆದು, ಒಳ್ಳೆ ಅಂಕ ತೆಗೆದುಕೊಂಡಿದ್ದ ಮನುಷ್ಯ ನಾನು. ಆ ಹೊತ್ತಿಗೆ ಒಂದಕ್ಷರವೂ ನೆನಪಾಗಲಿಲ್ಲ.

ಹೊಸ ಟ್ಯಾಂಕ್ ಬಂತು. ಅಗಲವಾಗಿ, ಗಿಡ್ಡಗೆ, ನೋಡಲು ಚೆನ್ನಾಗಿತ್ತು. ತುಂಬಿಸಿ ಷವರ್ ತಿರುಗಿಸಿದೆವು. ಅದೇ ಸೋರಿಕೆ. ‘ಮೊದಲಿಗಿಂತ ಕಡಿಮೆ ಬರ್ತಿದೆ ಕಣೋ’ ಅಂದರು ಅಮ್ಮ. ದುಡ್ಡು ಹೋದ ಸಿಟ್ಟಿಗೆ ಹಾಗಂತಿದ್ದಾರೆ ಅಂದುಕೊಂಡು ನಾವೆಲ್ಲ ನಕ್ಕೆವು. ಆಮೇಲೆ ಲೆಕ್ಕ ಹಾಕಿದಾಗ ಗೊತ್ತಾಯಿತು, ಅಮ್ಮ ಹೇಳಿದ್ದು ಅಕ್ಷರಶಃ ನಿಜ.

ಆ ಲೆಕ್ಕಕ್ಕೆ ಬರುವ ಮುಂಚೆ ಒಂದು ಮಾತು. ಈ ತಾಪತ್ರಯದ ಮೂಲ ನಾವು ಆಡುವ ಪದದಲ್ಲೇ ಇದೆ ಅಂತ ನನಗೀಗ ಅನ್ನಿಸುತ್ತದೆ. ನೀರು ಜೋರಾಗಿ ಬಂದರೆ ‘ಫೋರ್ಸ್’ ಇದೆ ಅನ್ನುತ್ತೇವೆ. ಫೋರ್ಸ್ ಅಂದರೆ ಬಲ. ಆದರೆ ಷವರಿಗೆ ಬೇಕಾದದ್ದು ಬಲ ಅಲ್ಲ, ಒತ್ತಡ. ‘ಒತ್ತಡ’ ಅನ್ನೋ ಪದವನ್ನು ನಾವು ಆಫೀಸಿನ ಕೆಲಸಕ್ಕೆ, ತಲೆನೋವಿಗೆ ಎತ್ತಿಟ್ಟುಬಿಟ್ಟಿದ್ದೇವೆ. ನಲ್ಲಿಗೆ ಯಾರೂ ಬಳಸುವುದಿಲ್ಲ. ಹೀಗಾಗಿ ಎರಡೂ ಒಂದೇ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಬಲ ಅಂದರೆ ಒಟ್ಟು ತಳ್ಳುವಿಕೆ ಎಷ್ಟು ಅನ್ನೋದು. ಆ ತಳ್ಳುವಿಕೆ ಎಷ್ಟು ಜಾಗದ ಮೇಲೆ ಹಂಚಿಹೋಗಿದೆ ಅಂತ ನೋಡಿ, ಬಲವನ್ನು ಆ ಜಾಗದಿಂದ ಭಾಗಿಸಿದರೆ ಸಿಗುವುದು ಒತ್ತಡ. ಬಲವನ್ನು ಅಳೆಯುವುದು ನ್ಯೂಟನ್ ಲೆಕ್ಕದಲ್ಲಿ, ಒಂದು ಕಿಲೋ ಭಾರ ಅಂದರೆ ಸುಮಾರು 9.8 ನ್ಯೂಟನ್. ಒಂದು ಚದರ ಮೀಟರಿನ ಮೇಲೆ ಒಂದು ನ್ಯೂಟನ್ ಬಲ ಇದ್ದರೆ ಅದು ಒಂದು ಪಾಸ್ಕಲ್. 1971ರಲ್ಲಿ ಈ ಅಳತೆಗೆ ಅಧಿಕೃತವಾಗಿ ಪಾಸ್ಕಲ್ ಅಂತ ಹೆಸರಿಟ್ಟರು. ತೀರಾ ಸಣ್ಣ ಅಳತೆ ಇದು, ನೀರಿನ ಕೆಲಸಕ್ಕೆ ಕಿಲೋಪಾಸ್ಕಲ್, ಅಂದರೆ ಸಾವಿರ ಪಾಸ್ಕಲ್, ಬೇಕು. ನನಗೆ ಉಪಯೋಗಕ್ಕೆ ಬಂದ ಗುರುತು ಏನೆಂದರೆ, 10 ಸೆಂಟಿಮೀಟರ್ ಎತ್ತರದ ನೀರು ಅಂದರೆ ಹೆಚ್ಚು ಕಡಿಮೆ 1 ಕಿಲೋಪಾಸ್ಕಲ್.

ಈಗ ಲೆಕ್ಕ. ಒಂದು ಭಾನುವಾರ ಟೇಪು ಹಿಡಿದು ತಾರಸಿ ಹತ್ತಿದೆ. ಹಳೇ ಟ್ಯಾಂಕು ಇನ್ನೂ ಮೂಲೆಯಲ್ಲೇ ಬಿದ್ದಿತ್ತು. ಅದರ ಅಡ್ಡಗಲ 84 ಸೆಂಟಿಮೀಟರ್, ತುಂಬಿದಾಗ ನೀರಿನ ಎತ್ತರ 90. ಹೊಸದರ ಅಡ್ಡಗಲ 1.4 ಮೀಟರ್, ನೀರಿನ ಎತ್ತರ ಬರೀ 65 ಸೆಂಟಿಮೀಟರ್.

ಹಳೇ ಟ್ಯಾಂಕಿನ 500 ಕಿಲೋ ನೀರು ತಳವನ್ನು ಸುಮಾರು 4,900 ನ್ಯೂಟನ್ ಬಲದಿಂದ ಒತ್ತುತ್ತಿತ್ತು. ತಳದ ವಿಸ್ತೀರ್ಣ 0.55 ಚದರ ಮೀಟರ್. ಭಾಗಿಸಿದರೆ ಸುಮಾರು 8.8 ಕಿಲೋಪಾಸ್ಕಲ್. ಹೊಸದರಲ್ಲಿ 1000 ಕಿಲೋ ನೀರು, 9,800 ನ್ಯೂಟನ್, ಅಂದರೆ ಸರಿಯಾಗಿ ಎರಡರಷ್ಟು ಬಲ. ಆದರೆ ತಳ 1.54 ಚದರ ಮೀಟರ್. ಭಾಗಿಸಿದರೆ 6.4 ಕಿಲೋಪಾಸ್ಕಲ್.

ಇನ್ನೊಂದು ಸಲ ನೋಡಿ. ಬಲ ಎರಡರಷ್ಟಾಯಿತು, ಒತ್ತಡ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯಿತು. ದುಡ್ಡು ಕೊಟ್ಟು ಒತ್ತಡ ಇಳಿಸಿಕೊಂಡಿದ್ದೆವು.

ಹಾಗಾದರೆ ಹೆಚ್ಚಿನ 500 ಕಿಲೋ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಅದನ್ನು ಹೊರುವುದಕ್ಕೆ ಹೆಚ್ಚಿನ ತಳ ಬಂದಿದೆ, ಅಷ್ಟೇ. ಪೈಪಿನ ಬಾಯಿಯ ಮೇಲೆ ಕೂತಿರುವುದು ಆ ಬಾಯಿಯ ನೇರಕ್ಕೆ ನಿಂತಿರುವ ನೀರಿನ ಕಂಬ ಮಾತ್ರ. ಪಕ್ಕದ ನೀರೆಲ್ಲ ಟ್ಯಾಂಕಿನ ನೆಲದ ಮೇಲೆ ಕೂತಿದೆ, ಪೈಪಿಗೂ ಅದರ ಭಾರಕ್ಕೂ ಸಂಬಂಧ ಇಲ್ಲ. ಇದನ್ನು ನಂಬುವುದು ಕಷ್ಟ ಅನ್ನಿಸಿದರೆ ಹೀಗೆ ಯೋಚಿಸಿ. ಅರ್ಧ ಇಂಚಿನ ಪೈಪಿನ ಒಳಗಲ ಸುಮಾರು 15 ಮಿಲಿಮೀಟರ್. ತುಂಬಿದ ಹೊಸ ಟ್ಯಾಂಕಿನ ತಳದಲ್ಲಿ ಅಷ್ಟು ಅಗಲದ ತೂತು ಮಾಡಿ, ಕೆಳಗಿನಿಂದ ಹೆಬ್ಬೆರಳಿನಲ್ಲಿ ಮುಚ್ಚಿ ಹಿಡಿದರೆ, ಬೆರಳಿನ ಮೇಲೆ ಬೀಳುವ ಭಾರ ಸುಮಾರು 115 ಗ್ರಾಂ. ಮೇಲೆ ಒಂದು ಟನ್ ನೀರಿದೆ, ಬೆರಳಿಗೆ ಬರುವುದು ಇಷ್ಟು. ಹಳೇ ಟ್ಯಾಂಕಾಗಿದ್ದರೆ ಸುಮಾರು 160 ಗ್ರಾಂ ಬರುತ್ತಿತ್ತು.

ಇದೇನು ಹೊಸ ಸಂಗತಿ ಅಲ್ಲ. 1586ರಲ್ಲೇ ಸೈಮನ್ ಸ್ಟೆವಿನ್ ಅನ್ನೋ ಡಚ್ ಭಾಷೆಯ ಗಣಿತಜ್ಞ ಇದನ್ನು ಬರೆದಿಟ್ಟಿದ್ದ. ಪಾತ್ರೆಯ ತಳದ ಮೇಲೆ ನೀರು ಹಾಕುವ ಬಲ ನೀರಿನ ಎತ್ತರವನ್ನೂ ತಳದ ಅಳತೆಯನ್ನೂ ನೋಡುತ್ತದೆ, ಪಾತ್ರೆಯ ಆಕಾರವನ್ನಲ್ಲ. ನಾನು ನಾನೂರಕ್ಕೂ ಹೆಚ್ಚು ವರ್ಷ ತಡವಾಗಿ ಟೇಪು ಹಿಡಿದೆ.

ಹೊಸ ಟ್ಯಾಂಕಿಗೂ ನ್ಯಾಯವಾಗಿ ಒಂದು ಮಾತು ಹೇಳಬೇಕು. 250 ಲೀಟರ್ ಖರ್ಚಾದಾಗ ಹಳೆಯದರಲ್ಲಿ ನೀರು 45 ಸೆಂಟಿಮೀಟರ್ ಇಳಿಯುತ್ತಿತ್ತು, ಇದರಲ್ಲಿ 16 ಮಾತ್ರ. ಆಗ ಎರಡೂ ಟ್ಯಾಂಕಿನ ನೀರಿನ ಎತ್ತರ ಹತ್ತಿರ ಹತ್ತಿರ ಒಂದೇ ಆಗುತ್ತದೆ. ಆಮೇಲೆ ಅಗಲದ್ದೇ ಮೇಲು. ಅಮ್ಮ ಸ್ನಾನ ಮಾಡುವುದು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ, ಟ್ಯಾಂಕು ತುಂಬಿರುವಾಗ. ವ್ಯತ್ಯಾಸ ಅವರಿಗೆ ಮಾತ್ರ ಗೊತ್ತಾಗಿದ್ದು ಅದಕ್ಕೇ.

ಆದರೆ ಟ್ಯಾಂಕಿನೊಳಗಿನ ಎತ್ತರ ಕಥೆಯ ಒಂದು ತುಂಡು ಮಾತ್ರ. ಪೈಪಿನೊಳಗಿನ ಇಳಿತವೂ ಎತ್ತರವೇ ತಾನೆ? ಟ್ಯಾಂಕಿನ ತಳದಿಂದ ಷವರಿನ ಬಾಯಿಗೆ 1.2 ಮೀಟರ್. ನೆಲಮಹಡಿಯ ನಲ್ಲಿಗೆ 5.85 ಮೀಟರ್. ಟ್ಯಾಂಕಿನಲ್ಲಿ ಅರ್ಧ ಮೀಟರ್ ನೀರಿದ್ದರೆ ಷವರಿಗೆ ಸಿಗುವುದು 17 ಕಿಲೋಪಾಸ್ಕಲ್ ಆಸುಪಾಸು, ಕೆಳಗಿನ ನಲ್ಲಿಗೆ 62. ಷವರಿನ ಬಾಯಿ ಎಷ್ಟು ಮೇಲಿದ್ದರೆ ಅಷ್ಟು ಅನ್ಯಾಯ. ಅದೇ ಮಹಡಿಯ ಬಚ್ಚಲಿನಲ್ಲಿ ಮೊಣಕಾಲೆತ್ತರದ ನಲ್ಲಿಗೆ 31 ಸಿಗುತ್ತಿತ್ತು.

17 ಕಡಿಮೆ, ನಿಜ. ಆದರೆ ಸೋರುವಷ್ಟು ಕಡಿಮೆಯಾ? ಇಲ್ಲಿಂದ ನನಗೆ ಅನುಮಾನ ಶುರುವಾಯಿತು.

ಮೊದಲು ಸುಲಭದ್ದನ್ನು ನೋಡಿದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ತೂತು ಮುಚ್ಚಿಹೋಗಿದೆಯಾ? ನೀರಿನ ಮೇಲೆ ಗಾಳಿಯ ಒತ್ತಡ ಇದ್ದೇ ಇದೆ, ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್, ಅಂದರೆ 10 ಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರದ ನೀರಿನಷ್ಟು. ನಮ್ಮ ಷವರಿಗಿರುವ ಬಂಡವಾಳದ ಆರರಷ್ಟು ಅದು. ಆದರೂ ಲೆಕ್ಕಕ್ಕೆ ಬರುವುದಿಲ್ಲ, ಯಾಕೆಂದರೆ ಟ್ಯಾಂಕಿನ ಮೇಲಿನಿಂದ ಎಷ್ಟು ಒತ್ತುತ್ತದೋ ಷವರಿನ ತೂತುಗಳಲ್ಲಿ ಎದುರಿಗೆ ನಿಂತು ಅಷ್ಟೇ ಒತ್ತುತ್ತದೆ. ಒಂದು ಕಡೆ ಗಾಳಿ ಬರುವ ದಾರಿ ಮುಚ್ಚಿದರೆ ಮಾತ್ರ ಲೆಕ್ಕ ತಪ್ಪುತ್ತದೆ. ತುಂಬಿದ ಬಾಟಲಿಯನ್ನು ತಲೆಕೆಳಗು ಮಾಡಿದರೆ ನೀರು ಗೊಳಗೊಳ ಅಂತ ತಡೆದು ತಡೆದು ಬೀಳುತ್ತದಲ್ಲ, ಹಾಗೆ. ಮುಚ್ಚಳ ತೆಗೆದಿಟ್ಟು ನೋಡಿದೆ. ಏನೂ ಬದಲಾಗಲಿಲ್ಲ. ಅಲ್ಲಿಗೆ ಗಾಳಿಯ ತಪ್ಪಿಲ್ಲ.

ಆಮೇಲೆ ಬಕೆಟ್ಟು, ಮೊಬೈಲಿನ ಸ್ಟಾಪ್‌ವಾಚು. ಷವರಿನಿಂದ 10 ಲೀಟರ್ ತುಂಬಲು 4 ನಿಮಿಷ 10 ಸೆಕೆಂಡು. ಷವರಿನ ತಲೆ ಬಿಚ್ಚಿ, ಬರೀ ಪೈಪಿನಿಂದ ಬಿಟ್ಟರೆ 1 ನಿಮಿಷ 40 ಸೆಕೆಂಡು. ಅಂದರೆ ತಲೆಯದ್ದೂ ತಪ್ಪಿದೆ, ತಲೆಯದ್ದು ಮಾತ್ರ ಅಲ್ಲ. ತಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ತೂತುಗಳಲ್ಲಿ ಸುಣ್ಣದಂಥ ಬಿಳಿ ಕಟ್ಟಿಕೊಂಡಿತ್ತು.

ಇನ್ನು ನನಗೆ ತುಂಬ ಇಷ್ಟವಾದ ಭಾಗ. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಟ್ಯೂಬು ಗೊತ್ತಲ್ಲ? ಅದರ ಒಂದು ತುದಿಯನ್ನು ಷವರಿನ ಪೈಪಿಗೆ ಬಿಗಿದು ಕಟ್ಟಿ, ಇನ್ನೊಂದು ತುದಿಯನ್ನು ಬಚ್ಚಲಿನ ವೆಂಟಿಲೇಟರಿನಿಂದ ಹೊರಗೆ ತೂರಿಸಿ, ತಾರಸಿಗೆ ಎಳೆದುಕೊಂಡೆ. ತಮ್ಮನನ್ನು ಬಚ್ಚಲಿನಲ್ಲಿ ನಿಲ್ಲಿಸಿದೆ. ಅವನು ಷವರಿನ ವಾಲ್ವ್ ತೆರೆದ. ಟ್ಯೂಬಿನಲ್ಲಿ ನೀರು ಗುಳ್ಳೆ ಗುಳ್ಳೆಯಾಗಿ ಮೇಲೆ ಬಂದು, ಪ್ಯಾರಾಪೆಟ್ಟಿನ ಅಂಚು ದಾಟಿ, ಟ್ಯಾಂಕಿನ ಪಕ್ಕಕ್ಕೆ ಹಿಡಿದುಕೊಂಡಿದ್ದ ತುದಿಯಲ್ಲಿ ಸ್ವಲ್ಪ ತೂಗಾಡಿ ನಿಂತಿತು. ಟ್ಯಾಂಕಿನೊಳಗೆ ಇಣುಕಿದೆ. ಒಳಗಿನ ನೀರು ಎಲ್ಲಿದೆಯೋ ಟ್ಯೂಬಿನ ನೀರೂ ಅಲ್ಲೇ. ಟ್ಯೂಬಿನ ತುದಿಯನ್ನು ನಾಲ್ಕು ಬೆರಳು ಇಳಿಸಿದರೆ ಸುರಿಯುತ್ತದೆ, ಎತ್ತಿದರೆ ನಿಲ್ಲುತ್ತದೆ. ಅಂದರೆ ನೀರು ನಿಂತಿರುವಾಗ ಷವರಿಗೆ ಸಿಗಬೇಕಾದ ಒತ್ತಡ ಪೂರ್ತಿ ಸಿಗುತ್ತಿದೆ. ನಡುವೆ ಯಾರೂ ಕದಿಯುತ್ತಿಲ್ಲ.

‘ಈಗ ಬೇಸಿನ್ನಿನ ನಲ್ಲಿ ಬಿಡು’ ಅಂತ ಕೂಗಿದೆ.

ಬಿಟ್ಟ. ಟ್ಯೂಬಿನ ನೀರು ಸರ್‍ರಂತ ಕೆಳಗಿಳಿಯಿತು. ನನ್ನ ಕೈಯಿಂದ ಇಳಿದು, ಪ್ಯಾರಾಪೆಟ್ಟು ದಾಟಿ, ತಾರಸಿಯ ಮಟ್ಟಕ್ಕಿಂತಲೂ ಕೆಳಗೆ ಹೋಯಿತು. ಬಗ್ಗಿ ಗೋಡೆಯ ಹೊರಗೆ ನೋಡಬೇಕಾಯಿತು. ಅಳೆದರೆ 1.1 ಮೀಟರ್ ಇಳಿದಿದೆ. ಬೇಸಿನ್ನಿನ ನಲ್ಲಿ ನಿಲ್ಲಿಸು ಅಂದೆ, ಮತ್ತೆ ಮೇಲೆ ಬಂತು. ನಾಲ್ಕೈದು ಸಲ ಸುಮ್ನೆ ಹಾಗೇ ಮಾಡಿಸಿದೆ, ಕೊನೆಗೆ ತಮ್ಮನಿಗೆ ರೇಗಿತು.

ಕಳ್ಳ ಇಲ್ಲಿ ಸಿಕ್ಕ. ನೀರು ನಿಂತಿದ್ದಾಗ ಪೈಪು ಎಷ್ಟು ತೆಳ್ಳಗಿದ್ದರೂ ಒಂದೇ. ಹರಿಯಲು ಶುರುವಾದ ಕೂಡಲೇ ಪೈಪಿನ ಗೋಡೆ, ತಿರುವಿನಲ್ಲಿ ಕೂರಿಸುವ ಎಲ್ಬೋ, ವಾಲ್ವು ಎಲ್ಲ ತಮ್ಮ ತಮ್ಮ ಪಾಲು ಕಿತ್ತುಕೊಳ್ಳುತ್ತವೆ. ನಮ್ಮಲ್ಲಿ ಟ್ಯಾಂಕಿನಿಂದ ಮಹಡಿ ಬಚ್ಚಲಿಗೆ 9 ಮೀಟರ್ ಅರ್ಧ ಇಂಚಿನ ಪೈಪು, ಏಳು ಎಲ್ಬೋ. ಜೊತೆಗೆ ಟ್ಯಾಂಕಿನ ಬುಡದಲ್ಲಿ ಒಂದು ಗೇಟ್ ವಾಲ್ವು. ಅದರ ಚಕ್ರ ತಿರುಗುತ್ತಿತ್ತು, ಒಳಗಿನ ಗೇಟು ಮಾತ್ರ ಅರ್ಧಕ್ಕೇ ಕಚ್ಚಿಕೊಂಡು ಕೂತಿತ್ತು. ಹೊರಗಿನಿಂದ ನೋಡಿದರೆ ಪೂರ್ತಿ ತೆರೆದ ವಾಲ್ವು. ನೆಲಮಹಡಿಯದು ಬೇರೆ ಪೈಪು, ಬೇರೆ ವಾಲ್ವು, ಹಾಗಾಗಿ ಅಲ್ಲಿ ಯಾರಿಗೂ ತೊಂದರೆ ಗೊತ್ತಾಗಿರಲಿಲ್ಲ. ಇರುವುದೇ 17 ಕಿಲೋಪಾಸ್ಕಲ್, ಅದರಲ್ಲಿ 11 ದಾರಿಯಲ್ಲೇ ಹೋದರೆ ಷವರಿನ ತೂತಿಗೆ ಏನು ಉಳಿಯಬೇಕು? ಕೆಳಗಿನ ನಲ್ಲಿಯಾದರೆ ಅಷ್ಟೇ ಕಳಕೊಂಡರೂ ಇನ್ನೂ 50 ಉಳಿಯುತ್ತದೆ. ಬಡವನ ಜೇಬಿನಿಂದ ಹೋದ ಹತ್ತು ರೂಪಾಯಿಯೇ ಬೇರೆ, ಅಲ್ವಾ.

ಪೈಪಿನ ಅಗಲ ಇಲ್ಲಿ ತುಂಬ ಮುಖ್ಯ, ನಾವಂದುಕೊಳ್ಳುವುದಕ್ಕಿಂತ ಜಾಸ್ತಿ. ಮನೆಯ ಪೈಪಿನಲ್ಲಿ ನೀರು ಹೊರಳಾಡಿಕೊಂಡು ಹರಿಯುವಾಗ, ಅಷ್ಟೇ ನೀರು ಸಾಗಿಸಲು ಕಳೆದುಹೋಗುವ ಒತ್ತಡ ಅಗಲದ ಸುಮಾರು ಐದನೇ ಘಾತದಂತೆ ಇಳಿಯುತ್ತದೆ. ಒಳಗಲ ಒಂದೂವರೆಯಷ್ಟಾದರೆ ನಷ್ಟ ಏಳರಲ್ಲಿ ಒಂದು ಭಾಗಕ್ಕೆ ಬರುತ್ತದೆ. ಅರ್ಧ ಇಂಚಿನಿಂದ ಮುಕ್ಕಾಲು ಇಂಚಿಗೆ ಹೋಗುವುದು ಕೇಳಲು ಏನೂ ಅಲ್ಲ, ಕಾಲಿಂಚಿನ ವ್ಯತ್ಯಾಸ. ನೀರಿಗೆ ಅದು ಬೇರೆಯೇ ರಸ್ತೆ.

ಹೊಸ ಪೈಪು ಹಾಕಿಸಿದೆವು, ಮುಕ್ಕಾಲು ಇಂಚಿನದು. ಗೇಟ್ ವಾಲ್ವ್ ತೆಗೆದು ಬಾಲ್ ವಾಲ್ವ್ ಕೂರಿಸಿದೆವು. ಷವರಿನ ತಲೆಯನ್ನು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಸಿ, ಬೆಳಿಗ್ಗೆ ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿದೆ. 10 ಲೀಟರಿಗೆ 1 ನಿಮಿಷ 49 ಸೆಕೆಂಡು. ನಿಮಿಷಕ್ಕೆ ಎರಡೂವರೆ ಲೀಟರೂ ಬರದ ಕಡೆ ಐದೂವರೆ ಬಂತು, ಟ್ಯಾಂಕನ್ನು ಮುಟ್ಟದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎತ್ತರದ ಹುಚ್ಚು ಹಿಡಿದಿತ್ತು. ಒತ್ತಡ ಅಂದರೆ ಎತ್ತರ ಅಂತಾದ ಮೇಲೆ ಟ್ಯಾಂಕನ್ನು ಎತ್ತಿಬಿಟ್ಟರೆ? ಪ್ರೆಶರ್ ಪಂಪ್ ಹಾಕಿಸಿ ಅಂದರು ಕೆಲವರು. ಒಂದು ಬಾರ್ ಒತ್ತಡ ಕೊಡುವ ಪಂಪು ಅಂದರೆ ಟ್ಯಾಂಕನ್ನು 10 ಮೀಟರ್ ಎತ್ತಿದ ಹಾಗೆ, ಒಪ್ಪುತ್ತೇನೆ. ಆದರೆ ಅದರ ಸದ್ದು ನನಗಾಗುವುದಿಲ್ಲ, ಕರೆಂಟು ಹೋದರೆ ಮತ್ತೆ ಮೊದಲಿನ ಕಥೆ. ಕಬ್ಬಿಣದ ಸ್ಟ್ಯಾಂಡೇ ಸರಿ ಅಂದುಕೊಂಡೆ.

1000 ಲೀಟರಿನ ಟ್ಯಾಂಕನ್ನೇ ಏರಿಸೋಣ ಅಂತ ಲೆಕ್ಕಕ್ಕೆ ಕೂತಾಗ ಬಲ ಮತ್ತು ಒತ್ತಡ ಇನ್ನೊಂದು ಕಡೆಯಿಂದ ಬಂದು ಹೆದರಿಸಿದವು. ನೀರು, ಟ್ಯಾಂಕು, ಸ್ಟ್ಯಾಂಡು ಸೇರಿ 1050 ಕಿಲೋ ಅಂತಿಟ್ಟುಕೊಳ್ಳಿ. ಬಲ ಸುಮಾರು 10,300 ನ್ಯೂಟನ್. ನೆಲದ ಮೇಲೇ ಕೂತಿದ್ದಾಗ ಅದು ಒಂದೂವರೆ ಚದರ ಮೀಟರಿಗೆ ಹಂಚಿಹೋಗಿ, ನೀರಿನದ್ದು ಬರೀ 6.4 ಕಿಲೋಪಾಸ್ಕಲ್ ಇತ್ತು. ಸ್ಟ್ಯಾಂಡಿಗೆ ನಾಲ್ಕು ಕಾಲು, 50 ಮಿಲಿಮೀಟರ್ ಆಂಗಲ್, ಅಂದರೆ L ಆಕಾರದ ಕಬ್ಬಿಣದ ಪಟ್ಟಿ, 5 ಮಿಲಿಮೀಟರ್ ದಪ್ಪ. ಕಾಲಿನ ತುದಿಯಲ್ಲಿ ತಾರಸಿಗೆ ತಾಗುವ ಕಬ್ಬಿಣ ನಾಲ್ಕೂ ಸೇರಿ 19 ಚದರ ಸೆಂಟಿಮೀಟರ್. ನಾಲ್ಕು ಬೆರಳು ಅಗಲಿಸಿ ಇಟ್ಟಷ್ಟೂ ಇಲ್ಲ. ಭಾಗಿಸಿದರೆ 5,400 ಕಿಲೋಪಾಸ್ಕಲ್ ಬರುತ್ತದೆ. 6.4 ಎಲ್ಲಿ, 5,400 ಎಲ್ಲಿ. ವಾಟರ್‌ಪ್ರೂಫಿಂಗ್ ಪದರವನ್ನು ಅದು ಚಾಕುವಿನ ಹಾಗೆ ಕೊರೆದು ಇಳಿಯುತ್ತದೆ. ಅದೇ ಪ್ರತಿ ಕಾಲಿನ ಕೆಳಗೂ 20 ಸೆಂಟಿಮೀಟರ್ ಚೌಕದ ದಪ್ಪ ತಗಡು ಬೆಸೆದರೆ 64ಕ್ಕೆ ಇಳಿಯುತ್ತದೆ.

ಇಲ್ಲಿ ಎಡವಬೇಡಿ, ನಾನು ಎಡವುವುದರಲ್ಲಿದ್ದೆ. ತಗಡು ಹಾಕಿದರೆ ಒತ್ತಡ ಇಳಿಯುತ್ತದೆ, ಬಲ ಒಂದು ಗ್ರಾಂ ಕೂಡ ಇಳಿಯುವುದಿಲ್ಲ. ತಾರಸಿಯ ಮೇಲ್ಮೈಗೆ ಗಾಯ ಆಗದಂತೆ ಕಾಯುವುದು ಒತ್ತಡದ ವಿಚಾರ. ಸ್ಲ್ಯಾಬ್ ಬಗ್ಗದಂತೆ ಕಾಯುವುದು ಒಟ್ಟು ಬಲ ಎಲ್ಲಿ ಬಿದ್ದಿದೆ ಅನ್ನೋ ವಿಚಾರ. ನಡುಸ್ಲ್ಯಾಬಿನ ಮೇಲೆ ಎಂಥಾ ತಗಡು ಹಾಸಿದರೂ ಒಂದು ಟನ್ ಒಂದು ಟನ್ನೇ. ಕಾಲುಗಳು ಬೀಮ್, ಪಿಲ್ಲರ್ ಇರುವ ಕಡೆಯೇ ಕೂರಬೇಕು, ಅದನ್ನು ಮನೆಯ ಸ್ಟ್ರಕ್ಚರ್ ಗೊತ್ತಿರುವ ಎಂಜಿನಿಯರ್ ನೋಡಿಯೇ ಹೇಳಬೇಕು. ನಮಗೆ ಒಬ್ಬರು ನೋಡಿ, 1000 ಲೀಟರಿನದ್ದು ಬೇಡ, ಮೂಲೆಯ ಪಿಲ್ಲರ್ ಕಡೆ 500 ಲೀಟರಿನದ್ದಾದರೆ ಸರಿ ಅಂದರು. ಟ್ಯಾಂಕು ಖಾಲಿ ಇದ್ದಾಗ ಗಾಳಿಗೆ ಉರುಳಬಾರದು, ಕಾಲುಗಳನ್ನು ಬಿಗಿಸಿ ಅಂತಲೂ ಸೇರಿಸಿದರು. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಹಾಗಾಗಿ ಮೂಲೆಯಲ್ಲಿ ಬಿದ್ದಿದ್ದ ಹಳೇ ಟ್ಯಾಂಕಿಗೆ ಮತ್ತೆ ಭಾಗ್ಯ ಬಂತು. ಅದನ್ನು ಸ್ಟ್ಯಾಂಡಿನ ಮೇಲೆ, ತಳ ಮೊದಲಿಗಿಂತ ಒಂದೂವರೆ ಮೀಟರ್ ಮೇಲೆ ಬರುವಂತೆ ಕೂರಿಸಿ, ಮಹಡಿ ಬಚ್ಚಲಿಗೆ ಮಾತ್ರ ಕೊಟ್ಟೆವು. ಅಗಲದ ಹೊಸ ಟ್ಯಾಂಕು ಇದ್ದಲ್ಲೇ ಇದೆ, ನೆಲಮಹಡಿಗೆ ನೀರು ಕೊಡುತ್ತದೆ. ಅಲ್ಲಿ ಅದರ ಗಿಡ್ಡತನ ಯಾರಿಗೂ ಗೊತ್ತಾಗುವುದಿಲ್ಲ.

ಟ್ಯಾಂಕಿನಲ್ಲಿ ಅರ್ಧ ಮೀಟರ್ ಆಸುಪಾಸು ನೀರಿದ್ದಾಗ ಷವರಿಗೆ ಸಿಗುತ್ತಿದ್ದ ಎತ್ತರ 1.7 ಮೀಟರಿನಿಂದ 3.15ಕ್ಕೆ ಏರಿತು. ಹತ್ತಿರ ಹತ್ತಿರ ಎರಡರಷ್ಟು. ನೀರೂ ಎರಡರಷ್ಟು ಬರುತ್ತದೆ ಅಂತ ಕಾದಿದ್ದ ತಮ್ಮನಿಗೆ ನಿರಾಸೆಯಾಯಿತು, 10 ಲೀಟರಿಗೆ 1 ನಿಮಿಷ 22 ಸೆಕೆಂಡು. ನಿಮಿಷಕ್ಕೆ ಏಳು ಲೀಟರಿಗಿಂತ ಸ್ವಲ್ಪ ಜಾಸ್ತಿ. ತೂತಿನಿಂದ ಹೊರಬೀಳುವ ನೀರಿನ ವೇಗ ಎತ್ತರದ ವರ್ಗಮೂಲದಂತೆ ಏರುತ್ತದೆ, 1644ರಲ್ಲಿ ಟೊರಿಸೆಲ್ಲಿ ಅನ್ನೋ ಇಟಲಿಯ ವಿಜ್ಞಾನಿ ಹೇಳಿದ್ದು ಇದನ್ನೇ. ಎತ್ತರ ಎರಡರಷ್ಟಾದರೆ ನೀರು 1.4ರಷ್ಟು. ನಿಜಕ್ಕೂ ಎರಡರಷ್ಟು ಬೇಕಿದ್ದರೆ ಎತ್ತರವನ್ನು ನಾಲ್ಕರಷ್ಟು ಮಾಡಬೇಕು, ತಾರಸಿಯ ಮೇಲೆ ಗೋಪುರ ಕಟ್ಟಬೇಕಾಗುತ್ತದೆ. ಖರ್ಚಿಗೆ ಹೋಲಿಸಿದರೆ ಪೈಪು, ವಾಲ್ವು, ವಿನೆಗರ್ ಕೊಟ್ಟಷ್ಟು ಲಾಭ ಸ್ಟ್ಯಾಂಡ್ ಕೊಡಲಿಲ್ಲ. ಇನ್ನೊಂದು ಸಲ ಮಾಡುವುದಾದರೆ ಮೊದಲು ಟ್ಯೂಬು ಕಟ್ಟಿ ನೋಡುತ್ತೇನೆ, ಸ್ಟ್ಯಾಂಡಿನ ಮಾತು ಕೊನೆಗೆ.

ಅದೇ ಪ್ಲಂಬರ್ ಮೊನ್ನೆ ಬೇರೆ ಕೆಲಸಕ್ಕೆ ಬಂದಿದ್ದರು. ಷವರ್ ತಿರುಗಿಸಿ ನೋಡಿದರು, ಅಂಗಿ ತೋಳೆಲ್ಲ ನೆನೆಯಿತು. ತಾರಸಿ ಹತ್ತಿ, ಮೇಲೊಂದು ಕೆಳಗೊಂದು ಟ್ಯಾಂಕು ಕೂತಿರುವುದನ್ನು ನೋಡಿಕೊಂಡು ಇಳಿದು ಬಂದರು. ‘ನಾನು ಆವತ್ತೇ ಹೇಳಲಿಲ್ವಾ ಸಾರ್, ಈಗ 1500 ಲೀಟರ್ ಆಯ್ತು ನೋಡಿ, ಎಷ್ಟು ಫೋರ್ಸ್ ಬರ್ತಿದೆ!’ ಅಂದರು. ತಮ್ಮ ನನ್ನ ಮುಖ ನೋಡಿದ. ನಾನು ಟೀ ತರಲು ಒಳಗೆ ಹೋದೆ.